ಕಟ್ಟೆ ಕಟ್ಟಿಸಿದ್ದು ಯಾರು? ಪಾಠದಲ್ಲಿ ಪೂರ್ತಿ ಹೇಳಿ



ಹೋದ ತಿಂಗಳು ನಾವೆಲ್ಲ ಮೈಸೂರು, ಶ್ರೀರಂಗಪಟ್ಟಣ, ಕನ್ನಂಬಾಡಿ ಕಟ್ಟೆ ನೋಡಲು ಪ್ರವಾಸ ಹೋಗಿದ್ದೆವು. ಪ್ರವಾಸದ ವರ್ಣನೆಯನ್ನು ಆರನೇ ತರಗತಿಯವರು ಪಕ್ಕದ ಹಾಳೆಯಲ್ಲಿ ಬರೆದಿದ್ದಾರೆ. ಚಿತ್ರವೂ ಇದೆ (ಅರಮನೆ ಗೋಪುರ ಸ್ವಲ್ಪ ಸೊಟ್ಟಗಿದೆ, ಬೇಜಾರು ಮಾಡಿಕೊಳ್ಳಬೇಡಿ). ನಾನು ಬರೆಯುತ್ತಿರುವುದು ವಾಪಸ್ ಬರುವಾಗ ಬಸ್ಸಿನಲ್ಲಿ ಆದ ಜಗಳದ ಬಗ್ಗೆ.

ಜಗಳ ಶುರುವಾದದ್ದು ಒಂದೇ ಪ್ರಶ್ನೆಯಿಂದ. ಕಟ್ಟೆ ಕಟ್ಟಿಸಿದ್ದು ಯಾರು? ಹಿಂದಿನ ಸೀಟಿನವರು ವಿಶ್ವೇಶ್ವರಯ್ಯ ಅಂದರು. ಹುಡುಗಿಯರು, ಅಲ್ಲವೇ ಅಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರು, ದುಡ್ಡು ಕೊಟ್ಟೋರು ಯಾರು ಮತ್ತೆ, ಅಂದರು. ನನ್ನ ಪಕ್ಕ ಕೂರುವ ಗೆಳೆಯ, "ಅಲ್ಲಿ ಟಿಪ್ಪು ಕಾಲದ ಪಾರ್ಸಿ ಶಾಸನದ ಕಲ್ಲು ಇದೆಯಲ್ಲ" ಅಂದ. ಅಷ್ಟಕ್ಕೇ ಬಸ್ಸೆಲ್ಲ ಹೋ ಅಂತ ಕೂಗಿತು. ನಾನು ಅವನಿಗೆ, "ನಿಮ್ಮ ಟಿಪ್ಪು ಏನೂ ಕಟ್ಟಿಸಿಲ್ಲ ಸುಮ್ನಿರ್ಲಾ" ಅಂದೆ. ಎಲ್ಲರೂ ನಕ್ಕರು. ನನಗೂ ಖುಷಿ ಆಯಿತು.

ಮಾರನೇ ದಿನ ಅವನು ಬಿಸಿಯೂಟಕ್ಕೆ ಬೇರೆ ಸಾಲಿನಲ್ಲಿ ಕೂತ. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ನಾನೇ ಹೋಗಿ ಕೇಳಿದ್ದಕ್ಕೆ, "ನಮ್ಮಪ್ಪ ಗಾರೆ ಕೆಲಸ ಮಾಡ್ತಾರೆ. ನಂಗೂ ಟಿಪ್ಪುಗೂ ಏನ್ಲಾ ಸಂಬಂಧ? ಕಲ್ಲು ಐತೆ ಅಂದೆ ಅಷ್ಟೆ. ಕಲ್ಲು ಐತೋ ಇಲ್ವೋ?" ಅಂದ.

ಕಲ್ಲು ಇದೆ. ನಾನೂ ನೋಡಿದ್ದೆ. ಅವನು ನೋಡಿದ್ದನ್ನು ಹೇಳಿದ. ನಾನು ಹೇಳಿದ್ದು ಮಾತ್ರ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದೆ. ಪುಸ್ತಕದಲ್ಲಿ ಓದಿದ್ದಲ್ಲ, ಮೇಷ್ಟ್ರು ಹೇಳಿದ್ದೂ ಅಲ್ಲ. ನಮ್ಮ ದೊಡ್ಡಪ್ಪನ ಮೊಬೈಲಿನಲ್ಲಿ ಯಾರೋ ಜೋರಾಗಿ ಮಾತಾಡಿದ್ದು ನನ್ನ ಬಾಯಲ್ಲಿ ಬಂದಿತ್ತು. ಅದರಲ್ಲೂ "ನಿಮ್ಮ" ಅನ್ನೋ ಮಾತು.

ಆಮೇಲೆ ಸಮಾಜ ಪಾಠದ ಮೇಷ್ಟ್ರನ್ನು ಕೇಳಿದೆವು. ಅವರು ಯಾರ ಕಡೆಯೂ ತೀರ್ಪು ಕೊಡಲಿಲ್ಲ. ಬೋರ್ಡಿನ ಮೇಲೆ ಒಂದೊಂದೇ ಬರೆದರು. ಟಿಪ್ಪು ಕಾವೇರಿಗೆ ಅಣೆಕಟ್ಟೆ ಹಾಕಲು ಹೊರಟಿದ್ದ, ಅಡಿಪಾಯದ ಮಾತು ಆ ಕಲ್ಲಿನಲ್ಲೇ ಇದೆ. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರ ಜೊತೆ ಹೋರಾಡುತ್ತಾ ಸತ್ತ. ಈಗ ನಿಂತಿರುವ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಅಂದರೆ ಟಿಪ್ಪು ಸತ್ತು 112 ವರ್ಷ ಆದ ಮೇಲೆ. ಆಗ ಮಹಾರಾಜರು ನಾಲ್ವಡಿಯವರು, ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು ಬಿಟ್ಟು ಹೋದರು, ಕಟ್ಟೆ ಮುಗಿಯಲು ಇನ್ನೂ ಹತ್ತು ವರ್ಷದ ಮೇಲೆ ಹಿಡಿಯಿತು. ಮುಗಿಯುವಾಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅವರ ಹೆಸರನ್ನು ಬಸ್ಸಿನಲ್ಲಿ ಒಬ್ಬರೂ ಎತ್ತಿರಲಿಲ್ಲ!

ಇಷ್ಟು ಬರೆದು ಮೇಷ್ಟ್ರು, "ಇನ್ನೂ ಯಾರನ್ನು ಬಿಟ್ಟಿದ್ದೀವಿ?" ಅಂತ ಕೇಳಿದರು. ನಮಗೆ ಹೊಳೆಯಲಿಲ್ಲ. ಕಟ್ಟೆಗೆ ಸಿಮೆಂಟ್ ಬದಲು ಸುರ್ಕಿ ಗಾರೆ ಹಾಕಿದ್ದಂತೆ. ಆ ಗಾರೆ ಅರೆದವರು, ಕಲ್ಲು ಹೊತ್ತವರು ಇದ್ದರಲ್ಲ? ಹಳೇ ಕನ್ನಂಬಾಡಿ ಅನ್ನೋ ಊರೇ ನೀರಿನ ಅಡಿ ಹೋಯಿತು. ಅಲ್ಲಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಈಗ ಹಿನ್ನೀರಿನ ದಡದಲ್ಲಿ ಎತ್ತಿ ಕಟ್ಟಿದ್ದಾರೆ. ಊರು ಬಿಟ್ಟವರ ಮನೆ ಏನಾಯಿತು? ಇದು ಟಿಪ್ಪು ಪರವೂ ಅಲ್ಲ, ಒಡೆಯರ ಪರವೂ ಅಲ್ಲ, ಅದಕ್ಕೇ ಇರಬೇಕು ಯಾರೂ ಕೂಗಲಿಲ್ಲ. ಗಾರೆ ಅಂದಾಗ ನನ್ನ ಗೆಳೆಯ ನನ್ನ ಕಡೆ ನೋಡಿದ.

2025ರ ಆಗಸ್ಟಿನಲ್ಲಿ ದೊಡ್ಡವರೂ ಪೇಪರಿನಲ್ಲಿ, ಟಿವಿಯಲ್ಲಿ ಇದೇ ಜಗಳ ಆಡಿದರು. ಅವರು ನಮ್ಮ ಬಸ್ಸಿನಲ್ಲಿ ಕೂತಂಗೇ ಇತ್ತು.

ಈಗ ನನ್ನ ವಿಚಾರಕ್ಕೆ ಬರುತ್ತೇನೆ. ಶಾಲೆಯಲ್ಲಿ ನಮಗೆ ನಡೆದದ್ದನ್ನು ಹೇಳಿಕೊಡಬೇಕೋ, ಇಂಥವರು ಒಳ್ಳೆಯವರು ಇಂಥವರು ಕೆಟ್ಟವರು ಅಂತ ಹೇಳಿಕೊಡಬೇಕೋ? ನಡೆದದ್ದನ್ನು ಪೂರ್ತಿ ಹೇಳಬೇಕು, ಅದು ಹೇಗೆ ಗೊತ್ತಾಯಿತು ಅನ್ನೋದನ್ನೂ ಹೇಳಬೇಕು ಅಂತ ನನ್ನ ಅಭಿಪ್ರಾಯ. ಅರ್ಧ ಹೇಳಿದರೆ ಸುಳ್ಳು ಹೇಳದೇನೇ ಮೋಸ ಮಾಡಬಹುದು. ಉದಾಹರಣೆಗೆ ಟಿಪ್ಪುವನ್ನೇ ತೆಗೆದುಕೊಳ್ಳಿ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆದು ನೆರವು ಕಳಿಸಿದ. ಆ ಕಾಗದಗಳು 1916ರಲ್ಲಿ ಮಠದಲ್ಲಿ ಸಿಕ್ಕಿವೆ. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕ್ರಿಶ್ಚಿಯನ್ನರನ್ನು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ. ಕೊಡವರನ್ನೂ ಸೆರೆ ಹಿಡಿಸಿದ. ಮೊದಲನೆಯದನ್ನು ಮಾತ್ರ ಓದಿದವನು ಒಂದು ತರಹ ಮಾತಾಡುತ್ತಾನೆ, ಎರಡನೆಯದನ್ನು ಮಾತ್ರ ಓದಿದವನು ಇನ್ನೊಂದು ತರಹ. ಇಬ್ಬರೂ ಪುಸ್ತಕದಲ್ಲಿದೆ ಅಂತಲೇ ಕೂಗುತ್ತಾರೆ. ಎರಡನ್ನೂ ಓದಿದರೆ ಏನು ಹೇಳಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗದೆ ಇದ್ದರೆ ಪರೀಕ್ಷೆಯಲ್ಲಿ ಅಂಕ ಕಳೆಯಬಾರದು ಅಂತ ಗುರುಗಳಲ್ಲಿ ವಿನಂತಿ.

ನಮ್ಮಣ್ಣನ ಕಥೆ ಹೇಳುತ್ತೇನೆ. ಅವನು 7ನೇ ತರಗತಿಗೆ ಬಂದಾಗ 2020, ಕೊರೊನಾ ಕಾಲ. ಪಾಠ ಕಡಿಮೆ ಮಾಡುತ್ತೇವೆ ಅಂತ ಜುಲೈನಲ್ಲಿ ಒಂದು ಪಟ್ಟಿ ಬಂತು. 7ನೇ ತರಗತಿಯಿಂದ ಬಿಡುವ ಪಾಠಗಳಲ್ಲಿ ಹೈದರಾಲಿ ಮತ್ತು ಟಿಪ್ಪು ಪಾಠವೂ ಸೇರಿತ್ತು. ದೊಡ್ಡ ಗಲಾಟೆಯಾಗಿ ಆ ಪಟ್ಟಿಯನ್ನೇ ತಡೆಹಿಡಿದರು. 2022ರಲ್ಲಿ ಪಠ್ಯಪುಸ್ತಕ ಬದಲಾಯಿತು. ಅಣ್ಣ 10ನೇ ತರಗತಿಗೆ ಬಂದ 2023ರಲ್ಲಿ ಸರ್ಕಾರ ಬದಲಾಗಿತ್ತು. ಆಗಲೇ ಅಚ್ಚಾಗಿ ಶಾಲೆಗೆ ಬಂದಿದ್ದ ಪುಸ್ತಕದಲ್ಲಿ ಇಂಥ ಪಾಠ ಮಾಡಬೇಡಿ, ಇಂಥದ್ದನ್ನು ಸೇರಿಸಿಕೊಳ್ಳಿ ಅಂತ ಒಂದು ತೆಳ್ಳನೆ ಪುಸ್ತಕ ಬಂತು. ಅಣ್ಣ ಬೇಡ ಅಂದ ಪಾಠಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿದ. ಪೆನ್ಸಿಲ್ ಯಾಕಣ್ಣ ಅಂದರೆ, "ಮತ್ತೆ ಬಂದ್ರೆ ಅಳಿಸೋಕೆ" ಅಂದ! ಮನೆಯವರೆಲ್ಲ ನಕ್ಕರು. ಅಪ್ಪ ಮಾತ್ರ, ಓದೋ ಮಕ್ಕಳ ಗತಿ ಏನು ಅಂದರು. ಲೆಕ್ಕದ ಪುಸ್ತಕದಲ್ಲಿ ಹಿಂಗೆ ಆಗುವುದಿಲ್ಲ. ಸರ್ಕಾರ ಯಾರದೇ ಬರಲಿ ಏಳೆಂಟಲ ಐವತ್ತಾರೇ.

ಹಾಗಾದರೆ ಶಾಲೆ ಯಾವ ಅಭಿಪ್ರಾಯವನ್ನೂ ಹೇಳಬಾರದೇ? ಇಲ್ಲಿ ನಾನು ಬಹಳ ಯೋಚನೆ ಮಾಡಿದೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಹೊತ್ತಿನಲ್ಲಿ ಸಂವಿಧಾನದ ಪೀಠಿಕೆ ಓದುತ್ತೇವೆ. 2023ರಲ್ಲಿ ಸರ್ಕಾರ ಎಲ್ಲಾ ಶಾಲೆಗಳಲ್ಲೂ ಓದಬೇಕು ಅಂತ ಮಾಡಿತು. ಅದರಲ್ಲಿ ಸಮಾನತೆ ಇದೆ, ಭ್ರಾತೃತ್ವ ಇದೆ. ಬಿಸಿಯೂಟಕ್ಕೆ ಎಲ್ಲಾ ಬೀದಿ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತೇವೆ. ನಮ್ಮ ಬೀದಿಯ ಒಬ್ಬರು ತಾತ, ಇದೂ ಒಂದು ಅಭಿಪ್ರಾಯ ತಾನೇ, ಇದನ್ನು ಮಾತ್ರ ಯಾಕೆ ಹೇಳಿಕೊಡ್ತೀರಿ ಅಂತಾರೆ. ಹೌದು ತಾತ, ಇದು ಅಭಿಪ್ರಾಯವೇ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ. ಒಂದೇ ಸಾಲು ಅನ್ನೋದು ಇಲ್ಲದಿದ್ದರೆ ಕೆಲವರು ಶಾಲೆಯ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ಆಮೇಲೆ ಟಿಪ್ಪು ಪಾಠವನ್ನು ಕೇಳೋದೆಲ್ಲಿ, ಒಡೆಯರ ಪಾಠವನ್ನು ಕೇಳೋದೆಲ್ಲಿ? ಅದಕ್ಕೆ ಈ ಒಂದು ಪಕ್ಷವನ್ನು ಶಾಲೆ ಹಿಡಿಯಲೇಬೇಕು. ಸತ್ತುಹೋದ ರಾಜರ ಪಕ್ಷ ಹಿಡಿಯುವುದು ಬೇಡ.

ನಾನು ಬಸ್ಸಿನಲ್ಲಿ "ನಿಮ್ಮ" ಅಂದಾಗ ಮುರಿದದ್ದು ಆ ಸಾಲನ್ನೇ. ಬಿಸಿಯೂಟದಲ್ಲಿ ಅವನು ಎದ್ದು ಹೋಗಿ ಬೇರೆ ಕಡೆ ಕೂತಾಗ ಗೊತ್ತಾಯಿತು. ಅವನ ಹತ್ತಿರ ಕ್ಷಮೆ ಕೇಳಿದ್ದೇನೆ. ಈಗ ಮೊದಲಿನ ಹಾಗೆ ಪಕ್ಕದಲ್ಲೇ ಕೂರುತ್ತಾನೆ, ಆದರೆ ಸಮಾಜ ಪಿರಿಯಡ್ಡಿನಲ್ಲಿ ಕೈ ಎತ್ತುವುದನ್ನು ಬಿಟ್ಟಿದ್ದಾನೆ. ಮೊದಲು ಎಲ್ಲರಿಗಿಂತ ಮುಂಚೆ ಎತ್ತುತ್ತಿದ್ದ.

ಈ ಲೇಖನವನ್ನು ಹಾಕುವ ಮೊದಲು ಅವನಿಗೇ ಓದಲು ಕೊಟ್ಟೆ. ಎರಡು ಕಾಗುಣಿತ ತಪ್ಪು ತಿದ್ದಿದ. "ನೀನೂ ಏನೋ ಬಿಟ್ಟಿರ್ತೀಯ ಕಣ್ಲಾ" ಅಂದ. ಏನು ಅಂತ ಹೇಳಲಿಲ್ಲ. ಅದಕ್ಕೇ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದೇನೆ. ಪಕ್ಕದ ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ನೇತು ಹಾಕಿದ್ದೇನೆ. ಬಿಟ್ಟುಹೋಗಿದ್ದನ್ನು ಯಾರು ಬೇಕಾದರೂ ಬರೆಯಬಹುದು, ಗುರುಗಳೂ ಬರೆಯಬಹುದು. ಎಲ್ಲಿ ಓದಿದ್ದು, ಎಲ್ಲಿ ನೋಡಿದ್ದು ಅಂತ ಜೊತೆಗೆ ಬರೆಯಿರಿ. ಪೆನ್ಸಿಲ್ ಮನೆಗೆ ತೆಗೆದುಕೊಂಡು ಹೋಗಬೇಡಿ, ಅದು ನಮ್ಮಣ್ಣಂದು.

ಇತಿ,
7ನೇ ತರಗತಿ ವಿದ್ಯಾರ್ಥಿ