ಅಂಗಡಿ ನಿಮ್ಮದು, ಬೀಗದ ಕೈ ಯಾರದು?

ನಮ್ಮ ಪೇಟೆಯ ವರ್ತಕರು ಬುದ್ಧಿವಂತರು. ಇಪ್ಪತ್ತು ವರ್ಷ ದುಡಿದ ಗುಮಾಸ್ತನಿಗೂ ಗೋದಾಮಿನ ಬೀಗದ ಕೈ ಕೊಟ್ಟು ಮನೆಗೆ ಹೋಗುವವರಲ್ಲ. ಆದರೆ ಇದೇ ಮಹಾನುಭಾವರು ವೆಬ್‌ಸೈಟ್ ಎಂಬ ಇನ್ನೊಂದು ಅಂಗಡಿ ಇಟ್ಟಾಗ ಮಾತ್ರ, ಪರಿಚಯವಾಗಿ ನಾಲ್ಕು ದಿನ ಕಳೆಯದ ಹುಡುಗನ ಜೇಬಿಗೆ ಅದರ ಕೀಲಿ ಹಾಕಿ ಕಳಿಸುತ್ತಾರೆ. ಇದೆಂಥಾ ವ್ಯವಹಾರ ಸ್ವಾಮಿ?

ಜವಳಿ ವ್ಯಾಪಾರಿ ಒಬ್ಬರ ಕಥೆ ಕೇಳಿ. ವೆಬ್‌ಸೈಟ್ ಮಾಡಿಸಿದರು, ಹುಡುಗ ದುಡ್ಡು ಎಣಿಸಿಕೊಂಡ, ಕೆಲಸವನ್ನೂ ಚೆನ್ನಾಗಿಯೇ ಮಾಡಿದ. ಆಮೇಲೆ ಬೆಂಗಳೂರಿಗೆ ಹೋದ, ಫೋನ್ ನಂಬರೂ ಬದಲಾಯಿತು. ಇತ್ತ ಅಂಗಡಿಯ ಫೋನ್ ನಂಬರು ಬದಲಾದರೂ ಸೈಟಿನಲ್ಲಿ ತಿದ್ದಲು ಪಾಸ್‌ವರ್ಡ್ ಗೊತ್ತಿಲ್ಲ. ವರ್ಷ ತುಂಬಿ ಹೆಸರು ನವೀಕರಿಸಿ ಎಂದು ಬಂದ ನೋಟೀಸು ಹುಡುಗನ ಇ-ಮೇಲಿಗೆ ಹೋಗಿ ಬಿತ್ತು. ಕಟ್ಟುವವರಿಲ್ಲದೆ ಹೆಸರು ಬಿಡುಗಡೆಯಾಯಿತು, ಬೇರೆ ಯಾರೋ ಹಿಡಿದುಕೊಂಡರು. ಈಗ ಅಂಗಡಿಯ ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ, ಕೈಚೀಲದ ಮೇಲೆ ಅಚ್ಚಾಗಿರುವ ಆ ವಿಳಾಸ ಒತ್ತಿದರೆ ಇನ್ನೇನೋ ತೆರೆದುಕೊಳ್ಳುತ್ತದೆ. ಕಾನೂನಿನ ಪ್ರಕಾರ ಯಾರದೂ ಕಳ್ಳತನವಲ್ಲ. ಹೆಸರು ಹುಡುಗನ ಖಾತೆಯಲ್ಲಿತ್ತು, ಅಷ್ಟೆ.

ಇದರಲ್ಲಿ ಮಾಯಾಮಂತ್ರ ಇದೆ ಅಂತ ನಮ್ಮ ಜನ ತಿಳಿದಿದ್ದಾರೆ. ಏನೂ ಇಲ್ಲ. ವೆಬ್‌ಸೈಟ್ ಎಂದರೆ ಒಂದು ಫೋಲ್ಡರಿನಲ್ಲಿರುವ ನಾಲ್ಕಾರು ಫೈಲು. ಮೊದಲ ಪುಟದ ಫೈಲಿಗೆ ಸಾಮಾನ್ಯವಾಗಿ ಇಂಡೆಕ್ಸ್ ಎಂದು ಹೆಸರು. ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ತಯಾರು ಮಾಡಿ, ಮುಂಬೈಯಲ್ಲೋ ಸಿಂಗಪುರದಲ್ಲೋ ಹಗಲು ರಾತ್ರಿ ಉರಿಯುತ್ತಿರುವ ಬಾಡಿಗೆ ಕಂಪ್ಯೂಟರಿಗೆ ಸಾಗಿಸಬೇಕು. ಆ ಬಾಡಿಗೆ ಯಂತ್ರವೇ ಸರ್ವರು. ಸಾಗಿಸುವುದಕ್ಕೆ ಫೈಲ್‌ಜಿಲ್ಲಾ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಎಡಗಡೆ ನಿಮ್ಮ ಕಂಪ್ಯೂಟರು, ಬಲಗಡೆ ಸರ್ವರು. ಸರ್ವರಿನ ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟು ಎಡದಿಂದ ಬಲಕ್ಕೆ ಎಳೆದು ಬಿಟ್ಟರೆ ಸರಕು ಇಳಿಯಿತು. ಡ್ರೀಮ್‌ವೀವರ್‌ನಂಥ ತಂತ್ರಾಂಶದಲ್ಲಾದರೆ ಪುಟ ಬರೆದ ಕಡೆಯೇ ಕಳಿಸುವುದಕ್ಕೆ ಪುಟ್, ತರಿಸಿಕೊಳ್ಳುವುದಕ್ಕೆ ಗೆಟ್ ಎಂಬ ಗುಂಡಿಗಳು. ಲಾರಿ ಆಫೀಸಿನಲ್ಲಿ ಪಾರ್ಸಲ್ ಹಾಕುವಷ್ಟೇ ಕೆಲಸ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಒಂದು ಭಾನುವಾರದಲ್ಲಿ ಕೂತಿತು.

ಹೀಗೆ ಫೈಲು ಸಾಗಿಸುವ ಎಫ್‌ಟಿಪಿ ಎಂಬ ಪದ್ಧತಿಯ ಮೊದಲ ಕರಡನ್ನು 1971ರಲ್ಲಿ ಬರೆದವರು ನಮ್ಮ ದೇಶದವರೇ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್. ಆದರೆ ಹಳೇ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ದಾರಿಯುದ್ದಕ್ಕೂ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಪೋಸ್ಟ್ ಕಾರ್ಡಿನ ಹಾಗೆ. ಎಸ್‌ಎಫ್‌ಟಿಪಿ ಎಂದು ಕೇಳಿ ಪಡೆಯಿರಿ.

ಹೊಸಬರು ಬೀಳುವ ಗುಂಡಿಗಳು ಎರಡಿವೆ. ಫೋಟೋವನ್ನು ಪುಟಕ್ಕೆ ಸೇರಿಸುವಾಗ ನಿಮ್ಮ ಸಿ ಡ್ರೈವಿನ ವಿಳಾಸವೇ ಕೂತುಬಿಟ್ಟರೆ ಅದು ನಿಮಗೊಬ್ಬರಿಗೇ ಕಾಣುತ್ತದೆ, ಗಿರಾಕಿಗೆ ಖಾಲಿ ಚೌಕ. ಎರಡನೆಯದು, ಲಿನಕ್ಸ್ ಸರ್ವರುಗಳಿಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ. ವಿಂಡೋಸಿನಲ್ಲಿ ನಡೆದದ್ದು ಅಲ್ಲಿ ನಡೆಯುವುದಿಲ್ಲ. ಎಲ್ಲ ಫೈಲಿಗೂ ಚಿಕ್ಕಕ್ಷರದ ಹೆಸರೇ ಇಡಿ, ತಂಟೆ ಇಲ್ಲ.

'ಇದೆಲ್ಲ ಯಾಕ್ರೀ, ಫೇಸ್‌ಬುಕ್ಕಿನಲ್ಲಿ ಪುಕ್ಕಟೆ ಪುಟ ಇದೆಯಲ್ಲ' ಎನ್ನುವವರಿದ್ದಾರೆ. ಇರಲಿ, ಅದೂ ಇರಲಿ. ಆದರೆ ಪುಕ್ಕಟೆ ಜಾಗದ ಗತಿ ಏನು ಅಂತ ಜಿಯೋಸಿಟೀಸ್ ತೋರಿಸಿ ಹೋಗಿದೆ. 1994ರಲ್ಲಿ ಅಮೆರಿಕದಲ್ಲಿ ಶುರುವಾದ ಆ ಕಂಪನಿ ಕೇಳಿದವರಿಗೆಲ್ಲ ಪುಟ ಕೊಟ್ಟಿತು. 1999ರಲ್ಲಿ ಯಾಹೂ ಅದನ್ನು ಸುಮಾರು 350 ಕೋಟಿ ಡಾಲರಿಗೆ ಕೊಂಡಿತು. 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಲಕ್ಷಾಂತರ ಜನ ಕಟ್ಟಿದ ಪುಟ ಅಲ್ಲಿಗೆ ಮುಗಿಯಿತು. ಕೆಲವಷ್ಟನ್ನು ಹಳೆಯದರ ಮೇಲೆ ಮಮತೆ ಇದ್ದವರು ನಕಲು ಮಾಡಿ ಉಳಿಸಿದರು. ತಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಂಡವರು ಬೇರೆ ಸರ್ವರಿಗೆ ಅದನ್ನೇ ಕಳಿಸಿ ಮತ್ತೆ ಅಂಗಡಿ ತೆರೆಯಬಹುದಿತ್ತು. ಇಟ್ಟುಕೊಳ್ಳದವರು?

ಹುಡುಗರ ಕೈಲಿ ಮಾಡಿಸಲೇಬೇಡಿ ಅಂತ ನನ್ನ ವಾದವಲ್ಲ, ಅವರೂ ಹೊಟ್ಟೆ ಹೊರೆಯಬೇಕು. ಆದರೆ ಕೊನೆ ಕಂತಿನ ದುಡ್ಡು ಕೊಡುವ ಮುಂಚೆ ಸೈಟಿನ ಹೆಸರು ನಿಮ್ಮದೇ ಇ-ಮೇಲಿಗೆ ನೋಂದಣಿ ಆಗಿದೆಯೇ ನೋಡಿ. ಸರ್ವರಿನ ಪಾಸ್‌ವರ್ಡ್ ಚೀಟಿಯಲ್ಲಿ ಬರೆಸಿಕೊಳ್ಳಿ, ಅವನು ಹೋದ ಮೇಲೆ ಬದಲಾಯಿಸಿ. ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಸಿ ಗಲ್ಲಾಪೆಟ್ಟಿಗೆಯಲ್ಲಿಡಿ. ಕೊಡಲು ಒಲ್ಲೆ ಅಂದರೆ ಆ ಕಂತೂ ಹಾಗೇ ಇರಲಿ.

ಕನ್ನಡದಲ್ಲಿ ಪುಟ ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಹೊಡೆದ ಬರಹವನ್ನು ಹಾಗೇ ಪುಟಕ್ಕೆ ಅಂಟಿಸಿದರೆ, ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಯೂನಿಕೋಡಿಗೆ ಬದಲಾಯಿಸಿ ಆಮೇಲೆ ಸರ್ವರಿಗೆ ಕಳಿಸಬೇಕು. ಕಳಿಸಿದ ಮೇಲೆ ಪಕ್ಕದ ಅಂಗಡಿಯವರ ಮೊಬೈಲು ಇಸಕೊಂಡು ತೆರೆದು ನೋಡಿ. ನಿಮ್ಮದರಲ್ಲಿ ಬೇಡ, ಅದರಲ್ಲಿ ಹಳೆಯದೇ ಕೂತಿರಬಹುದು.