ನಮ್ಮವರ ಪಲ್ಟಣ ಯಾವುದು?

ವಾಚಕರು ಮರೆತಿರಲಾರರು. 2025ರ ಜನವರಿ 15ರಂದು ಸೇನಾದಿನದ ಕವಾಯತು ದಿಲ್ಲಿ ಬಿಟ್ಟು ನಮ್ಮ ಪುಣೆಯ ಖಡಕಿಯಲ್ಲಿ ಜರುಗಿತು. ಖರಾಡಿಯ ಮನೆಯಲ್ಲಿ ಕುಳಿತು ಅದನ್ನು ಟೀವಿಯಲ್ಲಿ ನೋಡುತ್ತಿದ್ದಾಗ, ಇಲ್ಲಿಯೇ ಹುಟ್ಟಿ ಬೆಳೆದ ನೆರೆಮನೆಯ ಹುಡುಗ ನಮ್ಮನ್ನು ಕೇಳಿದ: “ಕಾಕಾ, ಮರಾಠರಿಗೊಂದು ಪಲ್ಟಣ ಅದ, ಸಿಖ್ಖರಿಗೂ ಅದ. ನಮ್ಮ ಕನ್ನಡದವರದು ಯಾವುದ್ರೀ?”

ಮರಾಠಾ ಪಲ್ಟಣದ ಕೇಂದ್ರ ಇರುವುದೇ ನಮ್ಮ ಬೆಳಗಾವಿಯಲ್ಲಿ ಎಂದು ಹೇಳಿ ಜಾರಿಕೊಳ್ಳಲು ನೋಡಿದೆವು. ಹುಡುಗ ಬಿಡಲಿಲ್ಲ. ಶಾಲೆಯಲ್ಲಿ ಗೆಳೆಯರೆದುರು ಅವನಿಗೆ ಉತ್ತರ ಬೇಕಾಗಿತ್ತು.

ಆ ಜನವರಿ 15ಕ್ಕೆ ಕಾರಣರಾದವರೇ ನಮ್ಮ ನಾಡಿನವರು. 1899ರಲ್ಲಿ ಕೊಡಗಿನಲ್ಲಿ ಹುಟ್ಟಿದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1949ರ ಆ ದಿನ ದಂಡಿನ ಮೊದಲ ಭಾರತೀಯ ಮುಖ್ಯಸ್ಥರಾದರು. (ಮನೆಮಾತು ಕೊಡವ; ಆದರೂ ಹೆಮ್ಮೆ ಪಡಲು ನಾವು ಯಾರ ಅಪ್ಪಣೆಯನ್ನೂ ಕೇಳೆವು.) ಅವರ ಕೈಗೆ ಬಂದ ದಂಡು ಎಂಥದು? 1857ರ ದಂಗೆಯ ತರುವಾಯ ಆಂಗ್ಲರು ಜಾತಿ ಜಾತಿಗೆ ಪಲ್ಟಣ ಕಟ್ಟಿದ್ದರು. ಕೆಲವರು ಹುಟ್ಟು ಕಲಿಗಳು, ಉಳಿದವರು ಅಲ್ಲವೆಂಬ ಲೆಕ್ಕ ಅವರದು.

ಲಂಡನ್ನಿನಲ್ಲಿ ಅರಸನ ಕಾವಲಿಗೆಂದೇ ಕಾಲಾಳು ಗಾರ್ಡ್ಸ್ ಪಲ್ಟಣಗಳಿವೆ. ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ 1650ರಷ್ಟು ಹಳೆಯದು. ಆ ಮಾದರಿಯನ್ನು ಕಾರ್ಯಪ್ಪನವರು ತಂದರು, ಆದರೆ ಅರಸನನ್ನು ಕೈಬಿಟ್ಟರು. 1949ರಲ್ಲಿ ಪಂಜಾಬ್, ಗ್ರೆನೇಡಿಯರ್ಸ್, ರಾಜಪುತಾನಾ ರೈಫಲ್ಸ್, ರಜಪೂತ ಈ ನಾಲ್ಕು ಮನೆಗಳಿಂದ ಹಿರಿಯ ಮಗನನ್ನೇ, ಎಂದರೆ ಮೊದಲನೆಯ ಬೆಟಾಲಿಯನ್ನನ್ನೇ ತೆಗೆದುಕೊಂಡು ‘ಬ್ರಿಗೇಡ್ ಆಫ್ ದಿ ಗಾರ್ಡ್ಸ್’ ಕಟ್ಟಿದರು. ಹೆಸರಿಗೆ ಬ್ರಿಗೇಡು, ವಾಸ್ತವದಲ್ಲಿ ರೆಜಿಮೆಂಟು. ಯಾವ ಜಾತಿಯವನೂ, ಯಾವ ಸೀಮೆಯವನೂ ಸೇರಬಹುದಾದ ಮೊದಲ ಕಾಲಾಳು ಪಲ್ಟಣ ಅದು. ಗರುಡ ಅದರ ಲಾಂಛನ. ಕೇಂದ್ರ ನಾಗಪುರದ ಮಗ್ಗುಲಿನ ಕಾಮ್ಠಿಯಲ್ಲಿದೆ.

1971ರ ಡಿಸೆಂಬರಿನಲ್ಲಿ ಅಗರ್ತಲಾದ ಆಚೆ, ಗಂಗಾಸಾಗರದ ಕಾಳಗದಲ್ಲಿ, ಈ ಪಲ್ಟಣದ 14ನೆಯ ಬೆಟಾಲಿಯನ್ನಿನ ಲಾನ್ಸ್ ನಾಯಕ ಆಲ್ಬರ್ಟ್ ಎಕ್ಕಾ ಒಂದು ಮೆಷಿನ್‌ಗನ್ನಿನವರನ್ನು ಬಯೊನೆಟ್ಟಿನಿಂದಲೇ ಅಡಗಿಸಿದ. ಗಾಯಗೊಂಡ ಮೈಯಲ್ಲೇ ಇನ್ನೊಂದನ್ನೂ ನಿಲ್ಲಿಸಿ ಪ್ರಾಣ ಬಿಟ್ಟ. ಮರಣಾನಂತರ ಪರಮವೀರ ಚಕ್ರ ಬಂತು. ಈಗಿನ ಝಾರ್ಖಂಡದ ಆದಿವಾಸಿ ಆತ.

ಹುಡುಗ ಸುಮ್ಮನೆ ಕೇಳಿದ. ಆಮೇಲೆ ತುಸು ಅನುಮಾನದಿಂದ, “ಹಂಗಾದ್ರ ಅದು ಮರಾಠರದೂ ಆತಲ್ರೀ, ಕಾಕಾ?” ಎಂದ.

“ಆತಪಾ,” ಎಂದೆವು.