ವ್ಯಸನಮುಕ್ತಿ ಕೇಂದ್ರಗಳ ನೋಂದಣಿ: ಪರೀಕ್ಷೆಗೊಳಗಾಗಬೇಕಾದುದು ಯಾವುದು?

ಮದ್ಯ ಅಥವಾ ಮಾದಕ ವಸ್ತುಗಳ ವ್ಯಸನಕ್ಕೆ ಚಿಕಿತ್ಸೆ ನೀಡುವ ಕೇಂದ್ರವೊಂದಕ್ಕೆ ಸರ್ಕಾರ ನೋಂದಣಿ ಪತ್ರ ಕೊಡುವುದೆಂದರೆ, ಅದರ ಒಳಗೆ ನಡೆಯುವುದಕ್ಕೆ ತಾನೂ ಹೊಣೆ ಎಂದು ಒಪ್ಪಿಕೊಂಡಂತೆ. ಭಾರತದಲ್ಲಿ ಈ ಹೊಣೆಗೆ ಆಧಾರವಾಗಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಹೀಗಾಗಿ ವ್ಯಸನಿಗಳನ್ನು ಚಿಕಿತ್ಸೆಗೆಂದು ಉಳಿಸಿಕೊಳ್ಳುವ ಸಂಸ್ಥೆ ದೊಡ್ಡ ಆಸ್ಪತ್ರೆಯಾಗಿರಲಿ, ಬಾಡಿಗೆ ಮನೆಯಲ್ಲಿ ನಡೆಯುವ ಸಣ್ಣ ಕೇಂದ್ರವಾಗಿರಲಿ, ಕೇಂದ್ರ ಸರ್ಕಾರದ ಅಧೀನದಲ್ಲಿ ಇಲ್ಲದಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಬೆಂಕಿಯಿಂದ ಓಡಲಾಗದೆ ಸುಟ್ಟು ಸತ್ತ ಮೇಲೆ ಇಂಥ ನೋಂದಣಿ ಬೇಕೇ ಎಂಬ ಪ್ರಶ್ನೆ ಉಳಿದಿಲ್ಲ. ನೋಂದಣಿ ಕೊಡುವ ಮುನ್ನ ಏನನ್ನು ನೋಡಬೇಕು ಎಂಬುದೇ ಈಗಿನ ಪ್ರಶ್ನೆ.

ಕಾಯ್ದೆಯ ಪ್ರಕಾರ ಅರ್ಜಿ ಬಂದ ಹತ್ತು ದಿನಗಳೊಳಗೆ, ಮುಂಚಿತ ವಿಚಾರಣೆಯ ಅಗತ್ಯವಿಲ್ಲದೆ, ಹನ್ನೆರಡು ತಿಂಗಳ ತಾತ್ಕಾಲಿಕ ನೋಂದಣಿ ದೊರೆಯುತ್ತದೆ. ಕಾಯಂ ನೋಂದಣಿಗೆ ನಿಗದಿತ ಮಾನದಂಡಗಳನ್ನು ಪೂರೈಸಬೇಕು. ತಪಾಸಣೆಗೆ ಬಂದ ಅಧಿಕಾರಿಗೆ ಮಂಚ, ಶೌಚಾಲಯ, ಹಾಜರಿ ಪುಸ್ತಕಗಳನ್ನು ಎಣಿಸುವುದು ಸುಲಭ. ಆದರೆ ಕುಡಿತದ ಚಿಕಿತ್ಸೆಯಲ್ಲಿ ಪ್ರಾಣಕ್ಕೆ ಸಂಚಕಾರ ಬರುವುದು ಮೊದಲ ಕೆಲವು ರಾತ್ರಿಗಳಲ್ಲಿ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗತೊಡಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಉಂಟಾಗಿ, ದಿಕ್ಕು ಕಾಲಗಳ ಪರಿವೆ ತಪ್ಪುತ್ತದೆ, ಇಲ್ಲದ ಹುಳುಹುಪ್ಪಟೆಗಳು ಗೋಡೆಯ ಮೇಲೆ ಹರಿದಾಡಿದಂತೆ ಕಾಣುತ್ತವೆ, ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ಡಯಾಜೆಪಾಮ್, ಲೊರಾಜೆಪಾಮ್‌ನಂಥ ಔಷಧಿಗಳಿಂದ ಇದನ್ನು ಬಹುಪಾಲು ತಡೆಯಬಹುದು, ಜೊತೆಗೆ ಥಯಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್ನನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ರಾತ್ರಿ ಎರಡು ಗಂಟೆಗೆ ಇವನ್ನು ಕೊಡಬಲ್ಲವರು ಯಾರಿದ್ದಾರೆ, ಕೈಮೀರಿದರೆ ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಲಿಖಿತ ಉತ್ತರವಿಲ್ಲದ ಕೇಂದ್ರಕ್ಕೆ, ಅದರ ಕಟ್ಟಡ ಎಷ್ಟೇ ಚೊಕ್ಕವಾಗಿದ್ದರೂ, ಒಳರೋಗಿಗಳನ್ನು ಇರಿಸಿಕೊಳ್ಳುವ ಅನುಮತಿ ಸಲ್ಲದು.

ಎರಡನೆಯದು ಬೀಗದ ಪ್ರಶ್ನೆ. ಮನೆಯವರು ಫೋನು ಮಾಡಿದೊಡನೆ ನಾಲ್ಕು ಜನ ಗಾಡಿಯಲ್ಲಿ ಬಂದು ಕುಡುಕನನ್ನು ಎತ್ತಿಕೊಂಡು ಹೋಗುವ ಪರಿಪಾಠ ಹಲವು ಕಡೆ ಇದೆ. ಪ್ರತಿ ರಾತ್ರಿ ಹೊಡೆತ ತಿಂದ ಹೆಂಡತಿಯೋ ಒಡವೆಗಳನ್ನೆಲ್ಲ ಕಳೆದುಕೊಂಡ ತಾಯಿಯೋ ಆ ಫೋನು ಮಾಡಿದ್ದರೆ ಅವರನ್ನು ದೂಷಿಸುವುದು ಅನ್ಯಾಯ. ಆದರೆ ಅವರ ಸಂಕಟ ಕೇಂದ್ರಕ್ಕೆ ಸೆರೆಮನೆಯ ಅಧಿಕಾರ ಕೊಡುವುದಿಲ್ಲ. ರೋಗಿಯ ಒಪ್ಪಿಗೆಯಿಲ್ಲದ ದಾಖಲಾತಿಗೆ ಅವನ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಅವನ ಪರವಾಗಿ ನಿಲ್ಲಲು ಕಾನೂನು ಮನ್ನಿಸಿದ ವ್ಯಕ್ತಿ, ಅರ್ಜಿ ಸಲ್ಲಿಸಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಮೊದಲ ಸಲದ ಅವಧಿ ಮೂವತ್ತು ದಿನ ಮೀರಬಾರದು. ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ಏಳು ದಿನಗಳೊಳಗೆ, ಮಹಿಳೆಯಾದರೆ ಮೂರೇ ದಿನಗಳೊಳಗೆ, ತಿಳಿಸಬೇಕು. ಸರಪಳಿ ಹಾಕುವುದಂತೂ ಪೂರ್ಣ ನಿಷಿದ್ಧ. ಇಷ್ಟೆಲ್ಲ ಕಾಗದದ ಮೇಲಿದ್ದರೂ, ಮಂಡಳಿಗೆ ದೂರು ಕೊಡಲು ಒಳಗಿರುವವನ ಕೈಗೆ ಫೋನೇ ಸಿಗದಿದ್ದರೆ ಅದರಿಂದ ಅವನಿಗೆ ಪ್ರಯೋಜನವಿಲ್ಲ. ತಪಾಸಣೆಗೆ ಬಂದವರು ಕೇಂದ್ರದವರನ್ನು ಹೊರಗಿರಿಸಿ ರೋಗಿಗಳೊಡನೆ ಪ್ರತ್ಯೇಕವಾಗಿ ಮಾತಾಡುವುದು ಕಡ್ಡಾಯವಾಗಬೇಕಾದದ್ದು ಇದಕ್ಕಾಗಿಯೇ.

ನಿಯಮ ಬಿಗಿಯಾದರೆ ಇರುವ ಕೇಂದ್ರಗಳೂ ಮುಚ್ಚಿಹೋಗುತ್ತವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಪೂರ್ಣ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಂಥದ್ದು ಪ್ರತಿ ತಾಲ್ಲೂಕಿನಲ್ಲಿ ಇರಲಾರದು, ಮನೋವೈದ್ಯರೂ ಅಷ್ಟು ಮಂದಿ ಇಲ್ಲ. ಹಾಗಾಗಿ ಕಟ್ಟಡದ ಅಳತೆ, ಕೊಠಡಿಗಳ ಸಂಖ್ಯೆ ಇತ್ಯಾದಿಗಳಲ್ಲಿ ಕಾಲಾವಕಾಶ ಕೊಡುವುದು ಸರಿ. ಜೀವ ಮತ್ತು ಸ್ವಾತಂತ್ರ್ಯದ ವಿಷಯದಲ್ಲಿ ಕೊಡಬಾರದು. ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಆಸ್ಪತ್ರೆಯ ಅಳತೆಗೋಲಿನಿಂದ ಅಳೆಯಬೇಕಿಲ್ಲ. ಶಿಬಿರಕ್ಕೆ ಸೇರಿಸಿಕೊಳ್ಳುವ ಮುನ್ನ ವೈದ್ಯರು ಪರೀಕ್ಷಿಸಿ, ಹಿಂದೆ ಫಿಟ್ಸ್ ಬಂದವರನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರೆ ಅಪಾಯದ ದೊಡ್ಡ ಪಾಲು ತಪ್ಪುತ್ತದೆ. ಅಬಕಾರಿ ಸುಂಕದಿಂದ ಬೊಕ್ಕಸ ತುಂಬಿಕೊಳ್ಳುವ ರಾಜ್ಯ ಈ ವೈದ್ಯರ ಖರ್ಚನ್ನು ಭರಿಸಲು ಹಿಂದೇಟು ಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ನೋಂದಣಿಯಿಲ್ಲದ ಕೇಂದ್ರಕ್ಕೆ ಮೊದಲ ಸಲ ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿವರೆಗೆ ದಂಡವಿದೆ, ಆದರೆ ಬಾಗಿಲು ಹಾಕಿಸಿದ ದಿನ ಅಲ್ಲಿದ್ದವರು ಎಲ್ಲಿಗೆ ಹೋಗಬೇಕೆಂಬುದನ್ನು ಅದೇ ಆದೇಶದಲ್ಲಿ ಬರೆಯದಿದ್ದರೆ ಶಿಕ್ಷೆ ಅವರಿಗೇ ಆಗುತ್ತದೆ.

ನೋಂದಣಿ ನವೀಕರಣದ ವೇಳೆ ಬಿಡುಗಡೆಯಾದವರ ಲೆಕ್ಕವನ್ನೂ ಕೇಳಬೇಕು. ಹೆರಾಯಿನ್‌ನಂಥ ಅಫೀಮು ವರ್ಗದ ಮಾದಕಗಳನ್ನು ಕೆಲವು ವಾರ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರಾಟವೇ ನಿಂತು ಸಾಯಬಹುದು. ಈ ಅಪಾಯವನ್ನು ತಗ್ಗಿಸುವ ಬ್ಯುಪ್ರೆನಾರ್ಫಿನ್ ಚಿಕಿತ್ಸೆಯನ್ನು ಎಷ್ಟು ಜನರಿಗೆ ಮುಂದುವರಿಸಲಾಯಿತು, ಮೂರು ತಿಂಗಳ ನಂತರ ಎಷ್ಟು ಜನ ಸಂಪರ್ಕದಲ್ಲಿದ್ದಾರೆ, ಎಷ್ಟು ಜನ ತೀರಿಕೊಂಡರು ಎಂಬ ಕಲಮುಗಳು ನವೀಕರಣದ ಅರ್ಜಿಯಲ್ಲಿ ಇರಬೇಕು.